ಸಿಗರೇಟ್ ಬಿಟ್ಟು ವೇಪ್ ಹಿಡಿದವರ ಮೂರನೇ ದಿನ: ತಪ್ಪು ಯಾರದು, ನಿಕೋಟಿನ್ನಿನದೋ ಕಾಫಿಯದೋ?

ಮಡಿಕೇರಿ, ಕುಶಾಲನಗರದ ಕಡೆಯ ಹೋಂಸ್ಟೇಗಳ ಜಗಲಿಯಲ್ಲಿ ವಾರಾಂತ್ಯದ ಸಂಜೆ ಈಗ ಎರಡು ಬಗೆಯ ಹೊಗೆ. ಒಂದು ಹಳೆಯ ಪರಿಚಯದ ಸಿಗರೇಟಿನದು. ಇನ್ನೊಂದು ಪುದೀನವೋ ಮಾವಿನ ಹಣ್ಣೋ ಎಂದು ಹೇಳಲಾಗದ ಸಿಹಿ ವಾಸನೆಯದು, ವೇಪ್ ಅಂದರೆ ಇ-ಸಿಗರೇಟ್ ಎಂಬ ಬೆರಳುದ್ದದ ಪ್ಲಾಸ್ಟಿಕ್ ತುಂಡಿನಿಂದ ಬರುವುದು. ಬೆಂಗಳೂರಿನಿಂದ ಬಂದವರ ಜೇಬಿನಿಂದ ಅದು ಊರಿನವರ ಜೇಬಿಗೂ ಇಳಿದಿದೆ. ಜೊತೆಗೆ ಒಂದು ಮಾತೂ ಬಂದಿದೆ: ‘ಸಿಗರೇಟ್ ಬಿಡೋಕೆ ಇದೇ ಸುಲಭ.’

ಆ ಮಾತು ನಂಬಿ ಸಿಗರೇಟ್ ಬಿಟ್ಟವರಲ್ಲಿ ಬಹಳ ಮಂದಿ ಎಡವುವುದು ಮೂರನೇ ದಿನದ ಆಸುಪಾಸಿನಲ್ಲಿ. ಎದೆ ಡವಡವ, ಬೆರಳು ಸಣ್ಣಗೆ ನಡುಕ, ರಾತ್ರಿ ಎರಡಾದರೂ ನಿದ್ದೆ ಇಲ್ಲ, ಮನೆಯವರು ಏನು ಕೇಳಿದರೂ ಸಿಡುಕು. ‘ಇದರಲ್ಲಿ ನಿಕೋಟಿನ್ ಸಾಲದು’ ಎಂದು ಲೆಕ್ಕ ಹಾಕಿ ಒಬ್ಬರು ವೇಪನ್ನೇ ಇನ್ನಷ್ಟು ಎಳೆಯುತ್ತಾರೆ, ಇನ್ನೊಬ್ಬರು ಅಂಗಡಿಗೆ ಹೋಗಿ ಸಿಗರೇಟ್ ಹಚ್ಚುತ್ತಾರೆ. ಕೊಡಗಿನಲ್ಲಿ ಈ ಲೆಕ್ಕ ಅರ್ಧ ತಪ್ಪು. ಆ ಡವಡವದಲ್ಲಿ ದೊಡ್ಡ ಪಾಲು ಕೈಯಲ್ಲಿರುವ ಕಾಫಿ ಲೋಟದ್ದಾಗಿರಬಹುದು. ಅದನ್ನು ತಿಳಿಯದೆ ವೇಪ್ ಹಿಡಿದರೂ ಅಷ್ಟೆ, ಔಷಧಿ ಅಂಗಡಿಯ ನಿಕೋಟಿನ್ ಗಮ್ ಹಿಡಿದರೂ ಅಷ್ಟೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಸುಗ್ರೀವಾಜ್ಞೆ ಬಂತು, ಅದೇ ಡಿಸೆಂಬರ್‌ನಲ್ಲಿ ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಾಟ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ಮೂರು ವರ್ಷ ಜೈಲು, ಐದು ಲಕ್ಷ ದಂಡದವರೆಗೆ ಹೋಗುತ್ತದೆ. ದಾಸ್ತಾನಿಗೆ ಆರು ತಿಂಗಳು ಅಥವಾ 50,000 ರೂಪಾಯಿವರೆಗೆ. ‘ನನ್ನದರಲ್ಲಿ ನಿಕೋಟಿನ್ನೇ ಇಲ್ಲ’ ಎಂಬ ವಾದ ನಡೆಯದು. ನಿಕೋಟಿನ್ ಇರಲಿ ಬಿಡಲಿ, ಸಾಧನವೇ ನಿಷಿದ್ಧ. ಸೇದುವವನಿಗೆಂದೇ ಬೇರೆ ಶಿಕ್ಷೆಯನ್ನು ಕಾಯ್ದೆ ಬರೆದಿಲ್ಲ ನಿಜ. ಆದರೆ ಇಟ್ಟುಕೊಳ್ಳುವುದೂ ಉಲ್ಲಂಘನೆಯೇ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಹೇಳಿದೆ.

ಸಿಗರೇಟಿನ ಕಡೆಗೂ ಬಿಗಿಯಾಗಿದೆ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯಂತೆ 21 ತುಂಬದವರಿಗೆ ಮಾರುವಂತಿಲ್ಲ, ಬಿಡಿ ಸಿಗರೇಟ್ ಮಾರುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ಅಲ್ಲ, 1,000 ರೂಪಾಯಿ. ಬಿಡಿ ಮಾರಾಟದ ನಿಷೇಧಕ್ಕೆ ಒಂದು ವಿಚಿತ್ರ ಮುಖವಿದೆ. ಹೊಸಬರನ್ನು ತಡೆಯಲು ಅದು ಒಳ್ಳೆಯದೇ. ಬಿಡಲು ಒದ್ದಾಡುವವನಿಗೆ ಮಾತ್ರ ‘ಒಂದೇ ಒಂದು’ ಎಂದು ಹೋದರೆ ಕೈಗೆ ಹತ್ತರ ಪ್ಯಾಕ್ ಬರುತ್ತದೆ, ಉಳಿದ ಒಂಬತ್ತು ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಕೂತು ಕರೆಯುತ್ತವೆ.

ವೇಪ್ ಕೆಲಸ ಮಾಡುವುದೇ ಇಲ್ಲವೇ?

ಮಾಡುತ್ತದೆ. ಅದನ್ನು ಮುಚ್ಚಿಡುವುದರಿಂದ ಲಾಭವಿಲ್ಲ. ಬ್ರಿಟನ್ನಿನಲ್ಲಿ 886 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಸಿಗರೇಟ್‌ನಿಂದ ದೂರ ಉಳಿದವರು ಇ-ಸಿಗರೇಟ್ ಗುಂಪಿನಲ್ಲಿ ಶೇ 18, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್, ಗಮ್‌ನಂಥವನ್ನು ಬಳಸಿದ ಗುಂಪಿನಲ್ಲಿ ಶೇ 9.9. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗುವ ಕಾಕ್ರೇನ್ ವಿಮರ್ಶೆಗಳೂ ನಂತರ ಅದೇ ದಿಕ್ಕಿನಲ್ಲಿವೆ. ಆದರೆ ಅದೇ ಅಧ್ಯಯನದ ಇನ್ನೊಂದು ಸಾಲನ್ನು ಯಾರೂ ಓದಿ ಹೇಳುವುದಿಲ್ಲ. ಹಾಗೆ ಗೆದ್ದವರಲ್ಲಿ ವರ್ಷದ ಕೊನೆಗೂ ವೇಪ್ ಎಳೆಯುತ್ತಲೇ ಇದ್ದವರು ಶೇ 80. ಪ್ಯಾಚ್-ಗಮ್‌ನಿಂದ ಗೆದ್ದವರಲ್ಲಿ ಆಗಲೂ ಅದನ್ನು ಬಳಸುತ್ತಿದ್ದವರು ಶೇ 9. ಸಿಗರೇಟ್ ಹೋಯಿತು, ನಿಕೋಟಿನ್ ಹೋಗಲಿಲ್ಲ.

ಇನ್ನೂ ಮುಖ್ಯವಾದದ್ದು, ಅಲ್ಲಿ ಕೊಟ್ಟ ವಸ್ತು ಬೇರೆ, ಇಲ್ಲಿ ಸಿಗುವ ವಸ್ತು ಬೇರೆ. ಬ್ರಿಟನ್ನಿನಲ್ಲಿ ವೇಪಿನೊಳಗಿನ ದ್ರಾವಣದ ನಿಕೋಟಿನ್ ಒಂದು ಮಿ.ಲೀ.ಗೆ 20 ಮಿ.ಗ್ರಾಂ ಮೀರುವಂತಿಲ್ಲ, ತೊಟ್ಟಿ 2 ಮಿ.ಲೀ. ದಾಟುವಂತಿಲ್ಲ. ನಮ್ಮಲ್ಲಿ ಕಳ್ಳದಾರಿಯಲ್ಲಿ ಬರುವ ಒಮ್ಮೆ ಬಳಸಿ ಎಸೆಯುವ ತುಂಡಿನ ಮೇಲೆ ‘ಶೇ 5’ ಎಂದಿದ್ದರೆ ಅದು ಮಿ.ಲೀ.ಗೆ 50 ಮಿ.ಗ್ರಾಂ. ಒಳಗೆ 10 ಮಿ.ಲೀ. ದ್ರಾವಣವಿದ್ದರೆ ಒಟ್ಟು 500 ಮಿ.ಗ್ರಾಂ ನಿಕೋಟಿನ್. ಒಂದು ಸಿಗರೇಟಿನಿಂದ ಮೈಗೆ ಸೇರುವುದು ಸುಮಾರು ಒಂದರಿಂದ ಒಂದೂವರೆ ಮಿ.ಗ್ರಾಂ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ವೇಪಿನ ನಿಕೋಟಿನ್ ಅಷ್ಟೂ ರಕ್ತಕ್ಕೆ ಸೇರುವುದಿಲ್ಲ, ಸರಿ. ಆದರೆ ಲೇಬಲ್ಲಿನಲ್ಲಿ ಬರೆದದ್ದೇ ಒಳಗಿದೆ ಎಂದು ಪರೀಕ್ಷಿಸಿದವರು ಇಲ್ಲಿ ಯಾರೂ ಇಲ್ಲ. ಪ್ರಮಾಣವೇ ಗೊತ್ತಿಲ್ಲದ ಮದ್ದಿನಿಂದ ಪ್ರಮಾಣ ಇಳಿಸುವುದು ಹೇಗೆ?

ಒಳಗಿನ ರಚನೆ ಸರಳ. ಒಂದು ಲಿಥಿಯಂ ಬ್ಯಾಟರಿ, ಒಂದು ತಂತಿಯ ಸುರುಳಿ, ಸುರುಳಿಗೆ ಸುತ್ತಿದ ಹತ್ತಿ, ಹತ್ತಿ ಹೀರುವ ದ್ರಾವಣ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆ, ನಿಕೋಟಿನ್ ಸೇರಿ ದ್ರಾವಣ. ಎಳೆದಾಗ ಸುರುಳಿ ಕಾಯುತ್ತದೆ, ದ್ರಾವಣ ಆವಿಯಾಗುತ್ತದೆ. ಸಿಗರೇಟ್ ಅಭ್ಯಾಸದವರು ಗಬಗಬನೆ ಬೆನ್ನುಬೆನ್ನಿಗೆ ಎಳೆದರೆ ಹತ್ತಿಗೆ ದ್ರಾವಣ ಹೀರಲು ಸಮಯ ಸಿಗದೆ ಅದು ಒಣಗಿ ಸುಡುತ್ತದೆ. ಗಂಟಲಿಗೆ ಹೊಡೆಯುವ ಆ ಸುಟ್ಟ ರುಚಿಯಲ್ಲಿ ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ವಿಷಗಳಿರುತ್ತವೆ. ಪ್ರೊಪಿಲೀನ್ ಗ್ಲೈಕಾಲ್ ನೀರನ್ನು ಹೀರುವ ಗುಣದ್ದು, ಹಾಗಾಗಿಯೇ ಬಾಯಿ, ಗಂಟಲು ಒಣಗುವುದು. ಅಮೆರಿಕದಲ್ಲಿ 2019-20ರಲ್ಲಿ 2,800ಕ್ಕೂ ಹೆಚ್ಚು ಮಂದಿ ಶ್ವಾಸಕೋಶದ ತೀವ್ರ ಹಾನಿಯಿಂದ ಆಸ್ಪತ್ರೆ ಸೇರಿ 68 ಮಂದಿ ಸತ್ತದ್ದಕ್ಕೆ ಮುಖ್ಯವಾಗಿ ಕಂಡುಬಂದದ್ದು, ಕಳ್ಳಪೇಟೆಯ ಗಾಂಜಾ ಸತ್ವದ ವೇಪ್‌ಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ವೇಪ್ ಎಂಬುದೆಲ್ಲ ಹಾಗೇ ಕೊಲ್ಲುತ್ತದೆ ಎಂದು ಇದರಿಂದ ಹೇಳಲಾಗದು. ಕಳ್ಳಪೇಟೆಯ ದ್ರಾವಣದಲ್ಲಿ ಏನಿದೆ ಎಂದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ ಎಂದಂತೂ ಹೇಳಬಹುದು.

ಮತ್ತೊಂದು ತೊಡಕು ಅಳತೆಯದು. ಸಿಗರೇಟಿಗೆ ತುದಿಯಿದೆ, ಹತ್ತು ಹನ್ನೆರಡು ದಮ್ಮಿಗೆ ಮುಗಿಯುತ್ತದೆ, ಬೆರಳು ಸುಡುವ ಮುಂಚೆ ಎಸೆಯಲೇಬೇಕು. ವೇಪಿಗೆ ತುದಿಯಿಲ್ಲ. ಹೊದಿಕೆಯೊಳಗೂ ಎಳೆಯಬಹುದು, ಪಿಕಪ್ ಓಡಿಸುತ್ತಲೂ ಎಳೆಯಬಹುದು. ದಿನಕ್ಕೆ ಹತ್ತು ಹೊತ್ತು ನಿಕೋಟಿನ್ ಕಾಣುತ್ತಿದ್ದ ಮಿದುಳಿಗೆ ಇನ್ನೂರು ಹೊತ್ತಿನ ರೂಢಿಯಾಗುತ್ತದೆ. ಬಿಡುವ ದಿನ ಬಂದಾಗ ಸಂಕಟ ಹಳೆಯದಕ್ಕಿಂತ ದೊಡ್ಡದು.

ಎಲ್ಲಕ್ಕಿಂತ ಕೆಟ್ಟದ್ದು ಅದೂ ಇದೂ ಎರಡೂ. ಹಗಲಿಗೆ ವೇಪ್, ಊಟದ ಮೇಲೆ ಎರಡು ಸಿಗರೇಟ್, ‘ಇಪ್ಪತ್ತರಿಂದ ಎರಡಕ್ಕೆ ಇಳಿಸಿದೆ’ ಎಂಬ ಸಮಾಧಾನ. ಹೃದಯ ಹಾಗೆ ಲೆಕ್ಕ ಹಾಕುವುದಿಲ್ಲ. ದಿನಕ್ಕೆ ಒಂದೇ ಸಿಗರೇಟ್ ಸೇದುವವರಿಗೂ, ಇಪ್ಪತ್ತು ಸೇದುವವರಿಗಿರುವ ಹೆಚ್ಚುವರಿ ಹೃದ್ರೋಗ ಅಪಾಯದ ಅರ್ಧದಷ್ಟು ಅಂಟಿಕೊಂಡೇ ಇರುತ್ತದೆಂದು 2018ರ ದೊಡ್ಡ ವಿಶ್ಲೇಷಣೆಯೊಂದು ತೋರಿಸಿದೆ. ಇಪ್ಪತ್ತನ್ನು ಒಂದಕ್ಕೆ ಇಳಿಸಿದರೆ ಅಪಾಯ ಇಪ್ಪತ್ತನೇ ಒಂದು ಪಾಲಿಗೆ ಇಳಿಯುವುದಿಲ್ಲ.

ಕಾಫಿ ಲೋಟದ ರಸಾಯನ

ಈಗ ಮೂರನೇ ದಿನಕ್ಕೆ ಬರೋಣ. ಕೆಫೀನನ್ನು ಯಕೃತ್ತಿನ ಒಂದು ಕಿಣ್ವ ಒಡೆಯುತ್ತದೆ. ತಂಬಾಕು ಸುಟ್ಟಾಗ ಬರುವ ಡಾಂಬರಿನಂಥ ವಸ್ತುಗಳು ಆ ಕಿಣ್ವದ ವೇಗ ಏರಿಸುತ್ತವೆ. ಸೇದುವವನ ಮೈ ಸುಮಾರು ಮೂರು ತಾಸಿಗೆ ಅರ್ಧ ಕೆಫೀನನ್ನು ಕರಗಿಸಿದರೆ, ಸೇದದವನಿಗೆ ಐದಾರು ತಾಸು ಬೇಕು. ಅದಕ್ಕೇ ಸೇದುವವರಿಗೆ ದಿನಕ್ಕೆ ಆರೇಳು ಲೋಟ ಕುಡಿದರೂ ನಿದ್ದೆ ಬರುವುದು. ಹೊಗೆ ನಿಂತ ಎರಡು ಮೂರು ದಿನದಲ್ಲಿ ಕಿಣ್ವದ ವೇಗ ಇಳಿಯತೊಡಗಿ, ವಾರದೊಳಗೆ ಸೇದದವನ ಮಟ್ಟಕ್ಕೆ ಬರುತ್ತದೆ. ಕುಡಿಯುವ ಕಾಫಿ ಮಾತ್ರ ಅಷ್ಟೇ. ರಕ್ತದಲ್ಲಿ ಕೆಫೀನ್ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ.

ಇಲ್ಲಿ ಗಮನಿಸಬೇಕಾದ್ದು, ಇದನ್ನು ಮಾಡುವುದು ಹೊಗೆ, ನಿಕೋಟಿನ್ ಅಲ್ಲ. ಆದ್ದರಿಂದ ವೇಪಿನಲ್ಲಿ ಎಷ್ಟೇ ನಿಕೋಟಿನ್ ಎಳೆಯಿರಿ, ಪ್ಯಾಚ್ ಹಚ್ಚಿ, ಗಮ್ ಅಗಿಯಿರಿ, ಕೆಫೀನ್ ಏರುವುದು ತಪ್ಪುವುದಿಲ್ಲ. ನಡುಕ, ಡವಡವ, ನಿದ್ದೆಗೇಡು, ಚಡಪಡಿಕೆ ಎಲ್ಲವೂ ಕೆಫೀನ್ ಹೆಚ್ಚಾದ ಗುರುತುಗಳೂ ಹೌದು, ನಿಕೋಟಿನ್ ಸಾಲದ ಗುರುತುಗಳ ಹಾಗೆಯೂ ಕಾಣುತ್ತವೆ. ಬೇರ್ಪಡಿಸಲು ಒಂದು ಸುಳಿವು ನಾಡಿ ಹಿಡಿದು ನೋಡುವುದು. ನಿಕೋಟಿನ್ ನಿಂತಾಗ ಎದೆಬಡಿತ ಸಾಮಾನ್ಯವಾಗಿ ನಿಧಾನವಾಗುತ್ತದೆ. ಡವಡವ ಜೋರಾಗಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಕಾಫಿಯನ್ನು, ಇಲ್ಲವೇ ಅತಿಯಾಗಿ ಎಳೆದ ವೇಪನ್ನು. ಅತಿಯಾದ ನಿಕೋಟಿನ್ನಿಗೆ ವಾಕರಿಕೆ, ಬಿಕ್ಕಳಿಕೆ, ಬೆವರೂ ಜೊತೆಗಿರುತ್ತವೆ.

ಕೊಡಗಿನಲ್ಲಿ ಇದು ದುಪ್ಪಟ್ಟು ಏಕೆ? ಇಲ್ಲಿ ಬೆಳೆಯುವುದರಲ್ಲಿ ರೊಬಸ್ಟಾ ಹೆಚ್ಚು, ಅರೇಬಿಕಾಕ್ಕಿಂತ ಅದರಲ್ಲಿ ಕೆಫೀನ್ ಹತ್ತಿರ ಹತ್ತಿರ ಎರಡರಷ್ಟು. ಮನೆಯಲ್ಲೇ ಹುರಿದು ಪುಡಿ ಮಾಡಿದ್ದರಲ್ಲಿ ಚಿಕೋರಿ ಇಲ್ಲದಿದ್ದರೆ ಲೋಟಕ್ಕೆ ಬೀಳುವುದು ಅಪ್ಪಟ ರೊಬಸ್ಟಾ. ಬೆಳಿಗ್ಗೆ ಎದ್ದ ಕೂಡಲೇ ಬೆಲ್ಲದ ಕಾಫಿ, ತೋಟಕ್ಕೆ ಹೊರಡುವ ಮುನ್ನ ಒಂದು, ಹನ್ನೊಂದಕ್ಕೆ ಒಂದು, ನೆಂಟರು ಬಂದರೆ ಒಂದು, ಸಂಜೆಯ ಮಳೆಗೆ ಒಂದು. ಯಾರ ಮನೆಗೆ ಹೋದರೂ ಬೇಡ ಎನ್ನಲು ಬಾಯಿ ಬರುವುದಿಲ್ಲ.

ಮಾಡಬೇಕಾದ್ದು ಕಷ್ಟವಲ್ಲ. ಸಿಗರೇಟ್ ಬಿಡುವ ದಿನದಿಂದಲೇ ಕಾಫಿಯನ್ನು ಅರ್ಧಕ್ಕೆ ಇಳಿಸಿ. ಆರು ಲೋಟದವರು ಮೂರು, ಅಥವಾ ಆರು ಅರ್ಧ ಲೋಟ. ಚಿಕೋರಿ ಬೆರಕೆಯಾದರೂ ಆದೀತು. ಮಧ್ಯಾಹ್ನ ಮೂರರ ಮೇಲೆ ಬೇಡ. ಹಠಕ್ಕೆ ಬಿದ್ದು ಪೂರ್ತಿ ನಿಲ್ಲಿಸಬೇಡಿ. ಕೆಫೀನ್ ಏಕಾಏಕಿ ನಿಂತರೆ ಒಂದು ದಿನದೊಳಗೆ ತಲೆ ಸಿಡಿಯತೊಡಗುತ್ತದೆ, ಆ ತಲೆನೋವನ್ನೂ ಸಿಗರೇಟಿನ ಲೆಕ್ಕಕ್ಕೇ ಬರೆಯುತ್ತೀರಿ.

ಇದೇ ಕಿಣ್ವದ ಕಾರಣಕ್ಕೆ ಇನ್ನೊಂದು ಎಚ್ಚರಿಕೆ. ಉಬ್ಬಸಕ್ಕೆ ಡೆರಿಫಿಲಿನ್‌ನಂಥ ಥಿಯೋಫಿಲಿನ್ ಮಾತ್ರೆ ನುಂಗುವವರು, ಮಾನಸಿಕ ಕಾಯಿಲೆಗೆ ಕ್ಲೋಜಪಿನ್, ಓಲಾಂಜಪಿನ್ ತೆಗೆದುಕೊಳ್ಳುವವರು ಸಿಗರೇಟ್ ಬಿಟ್ಟಾಗ ರಕ್ತದಲ್ಲಿ ಆ ಔಷಧದ ಮಟ್ಟವೂ ಏರುತ್ತದೆ. ಬಿಡುವ ಮುನ್ನವೇ ವೈದ್ಯರಿಗೆ ತಿಳಿಸಿ, ಡೋಸ್ ಇಳಿಸಬೇಕಾಗಬಹುದು. ಮಳೆಗಾಲದ ಥಂಡಿಗೆ ಉಬ್ಬಸದ ಮಾತ್ರೆ ಇಲ್ಲದ ಮನೆ ಕಡಿಮೆ, ಅದಕ್ಕೆ ಇಷ್ಟು ಹೇಳಬೇಕಾಯಿತು. ಇನ್ಸುಲಿನ್, ವಾರ್ಫರಿನ್ ತೆಗೆದುಕೊಳ್ಳುವವರೂ ಮೊದಲ ವಾರಗಳಲ್ಲಿ ಪರೀಕ್ಷೆ ತಪ್ಪಿಸಬಾರದು.

ಗಮ್ ಎಂದರೆ ಚೂಯಿಂಗ್ ಗಮ್ ಅಲ್ಲ

ಕಾನೂನಿನ ಒಳಗೇ ಇರುವ ದಾರಿಯೆಂದರೆ ಔಷಧಿ ಅಂಗಡಿಯ ನಿಕೋಟಿನ್. ‘ಗಮ್ ಟ್ರೈ ಮಾಡಿದೆ, ಏನೂ ಆಗಲಿಲ್ಲ’ ಎಂಬವರಲ್ಲಿ ಹೆಚ್ಚಿನವರು ಅಗಿದದ್ದೇ ತಪ್ಪು. ಇದರ ನಿಕೋಟಿನ್ ರಕ್ತ ಸೇರಬೇಕಾದ್ದು ಕೆನ್ನೆಯ ಒಳಚರ್ಮದಿಂದ. ಜಗಜಗನೆ ಅಗಿದರೆ ಅದು ಜೊಲ್ಲಿನೊಂದಿಗೆ ಹೊಟ್ಟೆಗೆ ಇಳಿದು ಬಿಕ್ಕಳಿಕೆ, ಎದೆಯುರಿ ತರುತ್ತದೆ, ಮಿದುಳಿಗೆ ತಲುಪುವುದು ಅಲ್ಪ. ಸರಿಯಾದ ಕ್ರಮ ಹೀಗೆ: ನಿಧಾನವಾಗಿ ಹತ್ತು ಹದಿನೈದು ಸಲ ಅಗಿಯಿರಿ. ಮೆಣಸಿನ ಹಾಗೆ ಚುರುಕು, ಬಾಯಲ್ಲಿ ಜುಮ್ಮೆನ್ನುವುದು ಗೊತ್ತಾದ ಕೂಡಲೇ ನಿಲ್ಲಿಸಿ, ಕೆನ್ನೆಗೂ ವಸಡಿಗೂ ನಡುವೆ ಒತ್ತಿ ಇಡಿ. ಎಲೆಯಡಿಕೆಯನ್ನು ದವಡೆಯಲ್ಲಿ ಒತ್ತರಿಸಿಟ್ಟುಕೊಳ್ಳುವ ಹಾಗೆಯೇ. ಒಂದು ನಿಮಿಷದಲ್ಲಿ ಚುರುಕು ಇಳಿಯುತ್ತದೆ. ಮತ್ತೆ ನಾಲ್ಕೈದು ಸಲ ಅಗಿದು ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ತಾಸು.

2 ಮಿ.ಗ್ರಾಂ ಗಮ್‌ನಿಂದ ಮೈಗೆ ಸೇರುವುದು ಒಂದು ಮಿ.ಗ್ರಾಂ ಆಸುಪಾಸು, ಅದೂ ಸರಿಯಾಗಿ ಅಗಿದರೆ. ಎದ್ದ ಅರ್ಧ ತಾಸಿನೊಳಗೆ ಮೊದಲ ಸಿಗರೇಟ್ ಹಚ್ಚುವವರಿಗೆ 2 ಸಾಲದು, 4 ಮಿ.ಗ್ರಾಂ ಬೇಕು. 2 ಮಿ.ಗ್ರಾಂ ಚೀಟಿ ಇಲ್ಲದೆ ಸಿಗುತ್ತದೆ, 4ಕ್ಕೆ ವೈದ್ಯರ ಚೀಟಿ ಮಾಡಿಸಿಟ್ಟುಕೊಳ್ಳಿ. ಮೊದಲ ಆರು ವಾರ ತಾಸು ಎರಡು ತಾಸಿಗೊಂದು, ಮುಂದಿನ ಮೂರು ವಾರ ಎರಡರಿಂದ ನಾಲ್ಕು ತಾಸಿಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ತಾಸಿಗೊಂದು. ದಿನಕ್ಕೆ 24 ದಾಟಬಾರದು. ಜನ ಮಾಡುವ ತಪ್ಪು ಹೆಚ್ಚು ಅಗಿಯುವುದಲ್ಲ, ಪುಕ್ಕಲುತನದಿಂದ ದಿನಕ್ಕೆ ಮೂರು ಅಗಿದು ‘ಇದು ಬರೀ ಮೋಸ’ ಎನ್ನುವುದು.

ಇಲ್ಲಿ ಕಾಫಿ ಇನ್ನೊಂದು ಸಲ ಅಡ್ಡ ಬರುತ್ತದೆ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಕೆನ್ನೆಯ ಚರ್ಮವನ್ನು ದಾಟುವುದಿಲ್ಲ. ಕಾಫಿ ಹುಳಿ. ಕಿತ್ತಳೆ ಹುಳಿ. ಕಾಚಂಪುಳಿ ಹಾಕಿದ ಪಂದಿ ಕರಿಯಂತೂ ಕೇಳಲೇಬೇಡಿ. ಇವಾದ ಮೇಲೆ ಕಾಲು ತಾಸು ಬಿಟ್ಟು, ನೀರಿನಲ್ಲಿ ಬಾಯಿ ಮುಕ್ಕಳಿಸಿ ಗಮ್ ಹಾಕಬೇಕು, ಗಮ್ ಬಾಯಲ್ಲಿರುವಾಗ ನೀರು ಬಿಟ್ಟು ಬೇರೇನೂ ಕುಡಿಯಬಾರದು. ಕಾಫಿ ಗುಟುಕರಿಸುತ್ತಾ ಗಮ್ ಅಗಿಯುವವರು ದುಡ್ಡನ್ನು ಉಗಿಯುತ್ತಿದ್ದಾರೆ ಅಷ್ಟೆ.

ಆದ್ದರಿಂದ ಬೆಳಗಿನ ಕ್ರಮವನ್ನೇ ತಿರುಗಿಸಬೇಕು. ನಿಕೋಟಿನ್ ಎರಡು ತಾಸಿಗೊಮ್ಮೆ ಅರ್ಧವಾಗುತ್ತದೆ. ರಾತ್ರಿ ಎಂಟು ತಾಸು ಮಲಗಿ ಎದ್ದರೆ ಉಳಿದಿರುವುದು ಹದಿನಾರನೇ ಒಂದು ಪಾಲು. ದಿನದ ಅತಿ ಕಷ್ಟದ ಹೊತ್ತು ಅದೇ, ಅದೇ ಹೊತ್ತಿಗೆ ಕೈಗೆ ಲೋಟ ಬರುತ್ತದೆ, ಲೋಟದ ಹಿಂದೆ ಸಿಗರೇಟಿನ ನೆನಪು. ಎದ್ದ ಕೂಡಲೇ ಬಾಯಿ ಮುಕ್ಕಳಿಸಿ ಗಮ್. ಅರ್ಧ ತಾಸಿನ ಮೇಲೆ ಕಾಫಿ, ಅದೂ ಜಗಲಿಯಲ್ಲಿ ಅಲ್ಲ, ಅಡುಗೆಮನೆಯಲ್ಲಿ ನಿಂತು. ಜಾಗ ಬದಲಾಯಿಸುವುದು ಸಣ್ಣ ವಿಷಯವೆನಿಸಬಹುದು. ಆದರೆ ಮಂಜು ನೋಡುತ್ತಾ ಜಗಲಿಯಲ್ಲಿ ಕೂತ ಹತ್ತು ವರ್ಷದ ಅಭ್ಯಾಸದಲ್ಲಿ ಕುರ್ಚಿಗೂ ಪಾಲಿದೆ. ‘ಚಳಿಗೆ ಒಂದು ದಮ್ಮು’ ಎಂಬ ಸಬೂಬಿಗೆ ಉತ್ತರವೂ ಇಲ್ಲೇ ಹೇಳಬಹುದು. ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಸೇದಿದ ಮೇಲೆ ಬೆರಳು ಇನ್ನಷ್ಟು ತಣ್ಣಗಾಗುತ್ತದೆ.

ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಿಗೆ ಗಮ್ ಒಂದೇ ಸಾಲದು. ಪ್ಯಾಚ್ ಮತ್ತು ಗಮ್ ಎರಡನ್ನೂ ಸೇರಿಸಿ ಬಳಸಿದರೆ ಬಿಡುವವರ ಪ್ರಮಾಣ ಹೆಚ್ಚುತ್ತದೆಂಬುದು ಚೆನ್ನಾಗಿ ರುಜುವಾತಾದ ಸಂಗತಿ. ಪ್ಯಾಚ್ ದಿನವಿಡೀ ಒಂದೇ ಸಮ ನಿಕೋಟಿನ್ ಬಿಡುತ್ತದೆ, ನಡುವೆ ಉಕ್ಕಿ ಬರುವ ಆಸೆಗೆ ಗಮ್. 21 ಮಿ.ಗ್ರಾಂ ಆರು ವಾರ, 14 ಎರಡು ವಾರ, 7 ಎರಡು ವಾರ. ಹತ್ತು ಅಥವಾ ಕಡಿಮೆ ಸೇದುವವರು 14ರಿಂದ ಶುರು ಮಾಡಬಹುದು. ಸಣ್ಣ ಊರಿನ ಅಂಗಡಿಯಲ್ಲಿ ಪ್ಯಾಚ್ ಇಟ್ಟಿರುವುದಿಲ್ಲ, ವಾರ ಮೊದಲೇ ಹೇಳಿ ತರಿಸಿಡಿ. ಬಿಟ್ಟ ದಿನ ಹುಡುಕಲು ಹೊರಟರೆ ದಾರಿಯಲ್ಲಿ ಬೀಡಾ ಅಂಗಡಿ ಸಿಗುತ್ತದೆ.

ಪ್ಯಾಚ್ ಹಚ್ಚುವುದು ಸೊಂಟದ ಮೇಲಿನ ಕೂದಲಿಲ್ಲದ ಒಣ ಚರ್ಮಕ್ಕೆ. ಭುಜದ ಹಿಂಭಾಗ, ತೋಳಿನ ಮೇಲ್ಭಾಗ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಯಾವ ಚರ್ಮವೂ ಒಣಗಿರುವುದಿಲ್ಲ ಎಂಬುದೇ ಕಷ್ಟ. ಸ್ನಾನದ ಮೇಲೆ ಚೆನ್ನಾಗಿ ಒರೆಸಿ, ಐದು ನಿಮಿಷ ಕಾದು, ಎಣ್ಣೆ ಪೌಡರ್ ಏನೂ ಹಚ್ಚದೆ ಅಂಟಿಸಿ, ಅಂಗೈಯಿಂದ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಅಂಚು ಎದ್ದರೆ ಸುತ್ತ ಸರ್ಜಿಕಲ್ ಟೇಪ್ ಹಾಕಿ. ರೇನ್‌ಕೋಟ್‌ನ ಪಟ್ಟಿ ಉಜ್ಜುವ ಜಾಗ ಬೇಡ. ದಿನವೂ ಜಾಗ ಬದಲಿಸಿ, ಒಂದೇ ಜಾಗಕ್ಕೆ ವಾರದೊಳಗೆ ಮರಳಬೇಡಿ. ತುಸು ಕೆಂಪು, ತುರಿಕೆ ಸಹಜ, ಗುಳ್ಳೆ ಎದ್ದರೆ ನಿಲ್ಲಿಸಿ. ರಾತ್ರಿ ವಿಪರೀತ ಕನಸು ಬಿದ್ದರೆ ಮಲಗುವ ಮುನ್ನ ತೆಗೆದುಬಿಡಿ. ಎರಡು ವಾರದೊಳಗೆ ಹೃದಯಾಘಾತವಾದವರು, ಎದೆಬಡಿತದ ಗಂಭೀರ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ನಿಕೋಟಿನ್ನಿನ ಯಾವ ರೂಪವನ್ನೂ ಹಿಡಿಯಬಾರದು. ನಿಕೋಟಿನ್ ಇಲ್ಲದ ಮಾತ್ರೆಗಳೂ ಇವೆ, ವರೆನಿಕ್ಲಿನ್ ಮತ್ತು ಬುಪ್ರೋಪಿಯಾನ್. ಎರಡಕ್ಕೂ ಚೀಟಿ ಬೇಕು. ಬಿಡುವ ದಿನಕ್ಕಿಂತ ಒಂದು ವಾರ ಮೊದಲೇ ಶುರು ಮಾಡಬೇಕು, ಮೂರ್ಛೆರೋಗ ಇದ್ದವರಿಗೆ ಬುಪ್ರೋಪಿಯಾನ್ ಆಗದು.

ಗಮ್, ಪ್ಯಾಚ್ ಎರಡೂ ಇದ್ದರೂ ಸಿಗರೇಟಿನ ಆ ‘ಕಿಕ್’ ಬರುವುದಿಲ್ಲ, ಬರುವುದೂ ಬೇಡ. ಸಿಗರೇಟಿನ ನಿಕೋಟಿನ್ ಮಿದುಳಿಗೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ತಲುಪುತ್ತದೆ, ಗಮ್‌ನದು ಏರಲು ಇಪ್ಪತ್ತು ಮೂವತ್ತು ನಿಮಿಷ. ಜೊತೆಗೆ ಹೊಗೆಯಲ್ಲಿರುವ ಬೇರೆ ಕೆಲವು ವಸ್ತುಗಳು, ಮಿದುಳಿಗೆ ಖುಷಿ ಕೊಡುವ ಡೋಪಮಿನ್ ಎಂಬ ರಾಸಾಯನಿಕವನ್ನು ಒಡೆಯುವ ಕಿಣ್ವವನ್ನು ಅದುಮಿಡುತ್ತವೆ. ಹೊಗೆ ನಿಂತಾಗ ಆ ಕಿಣ್ವ ಮತ್ತೆ ಚುರುಕಾಗುತ್ತದೆ. ನಿಕೋಟಿನ್ ಸಾಕಷ್ಟಿದ್ದರೂ ಮೊದಲ ವಾರ ಮನಸ್ಸು ಮಂಕಾಗಿರುವುದಕ್ಕೆ ಇದೂ ಒಂದು ಕಾರಣವೆಂದು ನಂಬಲಾಗಿದೆ. ವೇಪ್ ಹಿಡಿದವರಿಗೂ ‘ಏನೋ ಕಡಿಮೆಯಾಗಿದೆ’ ಎನಿಸುವುದು ಬರೀ ಭ್ರಮೆಯಲ್ಲ.

ದಿನದ ಲೆಕ್ಕ ಹೀಗಿರುತ್ತದೆ. ಕೊನೆಯ ಸಿಗರೇಟಾಗಿ ಒಂದು ದಿನದೊಳಗೆ ಕಿರಿಕಿರಿ ಶುರು, ಎರಡು ಮೂರನೇ ದಿನ ಶಿಖರ, ಎರಡರಿಂದ ನಾಲ್ಕು ವಾರದಲ್ಲಿ ಇಳಿತ. ಒಂದೊಂದು ಆಸೆಯ ಅಲೆ ಹೆಚ್ಚೆಂದರೆ ಐದು ನಿಮಿಷದ್ದು. ಐದು ನಿಮಿಷವೆಂದರೆ ಮೆಣಸಿನ ಬಳ್ಳಿ ನೋಡಿಕೊಂಡು ತೋಟದ ಗೇಟಿನವರೆಗೆ ಹೋಗಿಬರುವಷ್ಟು. ಬಾಯಿಗೆ ಲವಂಗವೋ ಏಲಕ್ಕಿಯೋ ಸಾಕು. ಕರಿಮೆಣಸಿನ ಎಣ್ಣೆಯ ಆವಿ ಎಳೆದಾಗ ಆಸೆ ತುಸು ತಗ್ಗಿತೆಂದು ಹಳೆಯದೊಂದು ಸಣ್ಣ ಪ್ರಯೋಗವೂ ಇದೆ. ಗಂಟಲಿಗೆ ಬೇಕಾಗಿರುವುದು ಆ ಚುರುಕು ಎಂಬುದನ್ನಷ್ಟೇ ಅದರಿಂದ ತೆಗೆದುಕೊಳ್ಳಿ, ಮೆಣಸನ್ನು ಸುಟ್ಟು ಸೇದಲು ಹೋಗಬೇಡಿ. ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿಕೊಂಡು ‘ಸಿಗರೇಟ್ ಬಿಟ್ಟೆ’ ಎನ್ನುವವರೂ ಇದ್ದಾರೆ, ಅದು ಬಾಗಿಲು ಬದಲಿಸಿದ್ದಷ್ಟೆ.

ಮೊದಲ ವಾರಗಳಲ್ಲಿ ಕೆಮ್ಮು ಹೆಚ್ಚಾಗಬಹುದು. ಶ್ವಾಸನಾಳದ ರೋಮಗಳು ಮತ್ತೆ ಕೆಲಸ ಶುರು ಮಾಡಿ ಕಫ ಮೇಲೆ ತಳ್ಳುವ ಲಕ್ಷಣವದು. ಎರಡು ವಾರ ದಾಟಿದರೆ ಅಥವಾ ಕಫದಲ್ಲಿ ರಕ್ತ ಕಂಡರೆ ಕಾಯಬೇಡಿ, ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಮಲಬದ್ಧತೆ, ಬಾಯಿಹುಣ್ಣು ಬಂದು ಹೋಗುತ್ತವೆ. ಹಸಿವು ಹೆಚ್ಚುತ್ತದೆ, ಮೊದಲ ವರ್ಷ ಸರಾಸರಿ ನಾಲ್ಕೈದು ಕೆ.ಜಿ. ತೂಕ ಏರುವುದುಂಟು. ಮಂಕುತನ ಎರಡು ವಾರವಾದರೂ ಇಳಿಯದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356, ಶುಲ್ಕವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಒಮ್ಮೆ ಹೆಸರು ಬರೆಸಿದರೆ ಅವರೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ, ಒಂಟಿ ತೋಟದ ಮನೆಯಲ್ಲಿರುವವರಿಗೆ ಅದೇ ದೊಡ್ಡ ಉಪಕಾರ.

ದಿನ ಆರಿಸುವಾಗ ಪಂಚಾಂಗಕ್ಕಿಂತ ಹಬ್ಬದ ಪಟ್ಟಿ ನೋಡಿ. ಕೈಲ್‌ಪೊಳ್ದ್, ಪುತ್ತರಿ, ಮದುವೆಮನೆ ಇರುವ ತಿಂಗಳು ಬೇಡ. ಮೊದಲ ನಾಲ್ಕು ವಾರ ಮದ್ಯದ ಮುಂದೆ ಕೂರುವುದೇ ಅಪಾಯ, ಎರಡನೇ ಪೆಗ್ಗಿನ ಮೇಲೆ ಯಾವ ನಿರ್ಧಾರವೂ ನಿಲ್ಲುವುದಿಲ್ಲ. ಹೋಗಲೇಬೇಕಾದರೆ ಪ್ಯಾಚ್ ಹಚ್ಚಿಕೊಂಡು, ಗಮ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಬೆಂಕಿಪೊಟ್ಟಣ ಇರುವವರ ಗುಂಪಿನಿಂದ ದೂರ ಕೂರಿ. ಜಾರಿ ಒಂದು ಸೇದಿದರೆ ಪ್ಯಾಚ್ ಕಿತ್ತು ಎಸೆಯಬೇಡಿ, ಮಾರನೇ ಬೆಳಿಗ್ಗೆ ಅದೇ ಕ್ರಮ ಮುಂದುವರಿಸಿ. ಪ್ಯಾಚ್ ಮೇಲೆ ಸಿಗರೇಟ್ ಸೇದಿದರೆ ಹೃದಯ ನಿಲ್ಲುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ, ಹೆಚ್ಚೆಂದರೆ ವಾಕರಿಕೆ ಬಂದೀತು.

ಈಗಾಗಲೇ ವೇಪಿಗೆ ಅಂಟಿಕೊಂಡವರಿಗೂ ಮೇಲಿನದ್ದೇ ದಾರಿ. ದಮ್ಮು ಎಣಿಸಿ ಇಳಿಸುವ ಸಾಹಸ ಬೇಡ, ಒಳಗಿನ ಪ್ರಮಾಣವೇ ಗೊತ್ತಿಲ್ಲ. ಎದ್ದ ಅರ್ಧ ತಾಸಿನೊಳಗೆ ಎಳೆಯುತ್ತೀರಾದರೆ ನಿಮ್ಮದು ಹೆಚ್ಚಿನ ಅವಲಂಬನೆ. ವೈದ್ಯರನ್ನು ಕೇಳಿ 21ರ ಪ್ಯಾಚ್ ಮತ್ತು 4ರ ಗಮ್ ಹಿಡಿದು ತುಂಡನ್ನು ದೂರ ಮಾಡಿ. ದೂರ ಮಾಡುವುದೆಂದರೆ ಕಾಫಿ ಗಿಡದ ಬುಡಕ್ಕೆ ಎಸೆಯುವುದಲ್ಲ, ತರಗೆಲೆಯ ಜೊತೆ ಬೆಂಕಿಗೆ ಹಾಕುವುದಂತೂ ಅಲ್ಲ. ಒಳಗಿನ ಲಿಥಿಯಂ ಬ್ಯಾಟರಿ ಸಿಡಿಯುತ್ತದೆ. ಬಾಯಿಯ ತೂತಿಗೆ ಟೇಪ್ ಸುತ್ತಿ, ಹಳೆಯ ಮೊಬೈಲ್ ಬ್ಯಾಟರಿಗಳ ಹಾಗೆ ಇ-ತ್ಯಾಜ್ಯಕ್ಕೆ ಕೊಡಿ. ಬಳಸಿದ ಪ್ಯಾಚಿನಲ್ಲೂ ಸಾಕಷ್ಟು ನಿಕೋಟಿನ್ ಉಳಿದಿರುತ್ತದೆ. ಅಂಟಿನ ಭಾಗ ಒಳಗೆ ಬರುವಂತೆ ಮಡಚಿ, ಮಕ್ಕಳ ಕೈಗೂ ತೋಟದ ನಾಯಿಯ ಬಾಯಿಗೂ ಸಿಗದ ಮುಚ್ಚಳದ ಡಬ್ಬಿಗೆ ಹಾಕಿ. ಅಗಿದ ಗಮ್‌ಗೂ ಅದೇ ಡಬ್ಬಿ.